ಹುಳಿದಾರ

“ಡಾಕ್ಟರ್ ಬಾಯಾರ, ನಿಮ್ಮ ದಾರ ನನ್ನನ್ನ ಎಂಜಿನ್‌ನಿಂದ ಇಳಿಸಿಬಿಡ್ತು ನೋಡ್ರಿ” ಎನ್ನುತ್ತಲೇ ಹಜರತಬಿ ನದಾಫ ಪ್ರಯೋಗಾಲಯದೊಳಗೆ ಬಂದಳು. ಕುರ್ಚಿಯಿದ್ದರೂ ಕೂರಲಿಲ್ಲ. ಮೈಮೇಲೆ ರೈಲು ಚಾಲಕಿಯ ನೀಲಿ ಸಮವಸ್ತ್ರ ಹಾಗೇ ಇತ್ತು. ಎದೆಯ ಮೇಲಿನ ಬಿಲ್ಲೆಯನ್ನು ಮಾತ್ರ ಯಾರೋ ತೆಗೆಸಿಕೊಂಡಿದ್ದರು.

ಡಾ. ಮಂದಾಕಿನಿ ಅಂಗಡಿ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಳು. “ಯಾರು ಇಳಿಸಿದ್ರು?”

“ಕಂಟ್ರೋಲ್ ರೂಮಿನವ್ರು. ಗದಗ ದಾಟಿದ್ದೆ. ‘ನದಾಫ, ನಿಮ್ಮ ಬಣ್ಣ ಕಿತ್ತಳೆ ಆಗೇತಿ, ಮುಂದಿನ ಸ್ಟೇಷನ್‌ನ್ಯಾಗ ಗಾಡಿ ಬ್ಯಾರೆಯವ್ರಿಗೆ ಕೊಟ್ಟು ಇಳೀರಿ’ ಅಂದ್ರು. ನಂಗ ಜ್ವರ ಇಲ್ಲ, ಉರಿ ಇಲ್ಲ. ಗಂಡಸ್ರು ತುಂಬಿದ ರೂಮಿನ್ಯಾಗ ನನ್ನ ಹೆಸರು ಹಿಡದು ಹೇಳಿದ್ರು. ಈಗ ಯಾರ್ಡಿನ್ಯಾಗ ಖಾಲಿ ಡಬ್ಬಿ ಜೋಡಸು ಕೆಲಸ ಕೊಟ್ಟಾರ.” ಹಜರತಬಿಯ ದನಿ ಏರಿತು. “ದಾರ ಕೊಡುವಾಗ ನೀವ ಹೇಳಿದ್ರಿ, ಇದು ನಿಮಗ ಕಾವಲು ಅಂತ. ಈಗ ನನ್ನ ಮ್ಯಾಲೇ ಕಾವಲು ಕುಂತೈತಲ್ರಿ?”

ಮಂದಾಕಿನಿ ಸೂಕ್ಷ್ಮದರ್ಶಕದ ದೀಪ ಆರಿಸಿ ಎದ್ದಳು. ಆ ದಾರವನ್ನು ಕಂಡುಹಿಡಿದವಳು ಅವಳೇ.

ಬಯಲುಸೀಮೆ ಸರಕು ರೈಲು ಕಂಪನಿಯ ಗಾಡಿಗಳು ಬಳ್ಳಾರಿ ಕಡೆಯ ಅದಿರನ್ನು ಘಟ್ಟ ಇಳಿಸಿ ಬಂದರಿಗೆ ಮುಟ್ಟಿಸುತ್ತಿದ್ದವು. ಆ ಕಾಲಕ್ಕೆ ರೈಲಿನ ಬಹುಪಾಲು ಕೆಲಸವನ್ನು ಯಂತ್ರಗಳೇ ಮಾಡುತ್ತಿದ್ದುದರಿಂದ ಎಂಜಿನ್ನಿನಲ್ಲಿ ಒಬ್ಬರೇ ಇದ್ದರೆ ಸಾಕಾಗಿತ್ತು. ಚಾಲಕರಲ್ಲಿ ಅರ್ಧದಷ್ಟು ಹೆಂಗಸರಿದ್ದರು. ಎಂಜಿನ್ನಿನಲ್ಲಿ ಬೇರೆಲ್ಲ ಸೌಕರ್ಯಗಳಿದ್ದವು, ಶೌಚಾಲಯವೊಂದು ಇರಲಿಲ್ಲ. ನಡುದಾರಿಯಲ್ಲಿ ಗಾಡಿ ನಿಲ್ಲಿಸುವಂತಿರಲಿಲ್ಲ. ಅದಕ್ಕೆ ಬದಲಾಗಿ ಕಂಪನಿಯು ಒದ್ದೆ ಹೀರುವ ಒಳಚಡ್ಡಿಗಳನ್ನೂ ಸ್ವಚ್ಛ ಮಾಡಿಕೊಳ್ಳಲು ಮಲ್ಲಿಗೆ ವಾಸನೆಯ ಒದ್ದೆ ಕಾಗದಗಳನ್ನೂ ಕೊಡುತ್ತಿತ್ತು. ಹೆಂಗಸರು ಒಳಚಡ್ಡಿಯನ್ನು ನಂಬುವುದರ ಬದಲು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮೂತ್ರದ ಸೋಂಕು ಅವರಲ್ಲಿ ನೆಗಡಿಯಷ್ಟೇ ಮಾಮೂಲಿಯಾಗಿತ್ತು.

ಮಂದಾಕಿನಿ ಈ ಕೆಲಸಕ್ಕೆ ಇಳಿದದ್ದು ಮಾತ್ರ ರೈಲಿನ ದೆಸೆಯಿಂದಲ್ಲ, ತಾಯಿಯ ದೆಸೆಯಿಂದ. ಬಸಲಿಂಗವ್ವ ಅಣ್ಣಿಗೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಮುಟ್ಟು ನಿಂತ ಕೆಲ ವರ್ಷಗಳ ಮೇಲೆ ಅವರಿಗೆ ಸೋಂಕು ಮರಳಿ ಮರಳಿ ಬರತೊಡಗಿತು. ಡಾಕ್ಟರ ಮುಂದೆ ಪ್ರತಿ ಸಲವೂ “ಹೊಟ್ಟಿನೋವು” ಎನ್ನುತ್ತಿದ್ದರೇ ಹೊರತು ನಿಜವಾದ ಜಾಗದ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಂದಾಕಿನಿ ಮನೆಗೆ ಬಂದಾಗ ತಾಯಿ ಜ್ವರದಲ್ಲಿ ಹಾಸಿಗೆಯ ಮೇಲೆ ಎದ್ದು ಕೂತು, ಎಂದೋ ಮದುವೆಯಾಗಿ ಹೋದ ಹುಡುಗಿಯರ ಹಾಜರಿ ಕರೆಯುತ್ತಿದ್ದರು. “ಗಂಗವ್ವ ಹೊಸಮನಿ... ಯಾಕ ಮಾತಾಡವಲ್ಲಿ?” ಎಂದು ಮಗಳನ್ನೇ ಗದರಿದರು. ಸೋಂಕು ಮೂತ್ರಕೋಶ ದಾಟಿ ರಕ್ತಕ್ಕೆ ಏರಿತ್ತು. ಬದುಕಿ ಉಳಿದದ್ದೇ ಹೆಚ್ಚು.

ಆಗಿನಿಂದ ಮಂದಾಕಿನಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಸೋಂಕು ತರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇರುವುದು ನಮ್ಮ ಕರುಳಿನಲ್ಲಿ. ಅದು ಮೂತ್ರಕೋಶಕ್ಕೆ ಒಮ್ಮೆಗೇ ಹಾರುವುದಿಲ್ಲ. ಮೊದಲು ಯೋನಿಯ ಬಾಯಿಯಲ್ಲಿ ಬೀಡುಬಿಟ್ಟು, ಅಲ್ಲಿಂದ ಪಕ್ಕದ ಮೂತ್ರನಾಳವನ್ನು ಹತ್ತುತ್ತದೆ. ಆ ಬಾಗಿಲಲ್ಲಿ ದೇಹ ಒಂದು ಕಾವಲು ಇಟ್ಟಿದೆ. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ಸೋದರ ಸಂಬಂಧಿಗಳು ಯೋನಿಯೊಳಗೆ ನೆಲೆಸಿ, ಅಲ್ಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಒಳಗೆ ಆ ಹುಳಿ ಗಟ್ಟಿಯಾಗಿದ್ದರೆ ಇ. ಕೋಲಿಗೆ ಅಂಟಿಕೊಳ್ಳುವುದೂ ಕಷ್ಟ, ಬೆಳೆಯುವುದೂ ಕಷ್ಟ. ಮುಟ್ಟು ನಿಂತು ಹಾರ್ಮೋನು ಇಳಿದಾಗ, ಕಂಡಕಂಡ ಔಷಧಿ ನುಂಗಿದಾಗ, ಸಾಬೂನಿನಲ್ಲಿ ತಿಕ್ಕಿ ತೊಳೆದಾಗ ಹುಳಿ ತೆಳುವಾಗುತ್ತದೆ. ಬಾಗಿಲು ತೆರೆದುಕೊಳ್ಳುತ್ತದೆ.

ಹುಳಿ ತೆಳುವಾದ ಕೂಡಲೇ, ಸೋಂಕು ಹತ್ತುವ ಮೊದಲೇ, ಹೆಂಗಸಿಗೆ ಗೊತ್ತಾದರೆ? ಮಂದಾಕಿನಿ ಕೂದಲಿನಷ್ಟು ತೆಳ್ಳಗಿನ ದಾರವೊಂದನ್ನು ಮಾಡಿದಳು. ಒಳಉಡುಪಿಗೆ ಅಂಟಿಸುವ ಪಟ್ಟಿಯಲ್ಲಿ ಅದನ್ನು ಹೊಲಿದರೆ ಸ್ರಾವದ ಹುಳಿಯನ್ನು ಅಳೆದು ಫೋನಿಗೆ ತಿಳಿಸುತ್ತಿತ್ತು. ಹುಳಿ ಸರಿಯಿದ್ದರೆ ಹಸಿರು, ತೆಳುವಾದರೆ ಕಿತ್ತಳೆ. ಮೊದಲು ಧರಿಸಿದವರು ಬಸಲಿಂಗವ್ವ. ದಾರ ಕಿತ್ತಳೆ ತೋರಿಸಿತು; ಡಾಕ್ಟರು ಒಳಗೆ ಹಚ್ಚುವ ಹಾರ್ಮೋನು ಮುಲಾಮು ಕೊಟ್ಟರು; ಕೆಲವು ವಾರಗಳಲ್ಲಿ ಹುಳಿ ಮರಳಿತು. ಆಮೇಲೆ ಅವರು ಜ್ವರದಲ್ಲಿ ಹಾಜರಿ ಕರೆಯಲಿಲ್ಲ.

ಸರಕು ಕಂಪನಿಯವರು ತಾವಾಗಿಯೇ ಬಂದು ಹುಬ್ಬಳ್ಳಿಯಲ್ಲಿ ಪ್ರಯೋಗಾಲಯ ಕಟ್ಟಿಕೊಟ್ಟು, ಚಾಲಕಿಯರಿಗೆಲ್ಲ ದಾರ ಕೊಡಿಸಿದಾಗ ಮಂದಾಕಿನಿ ಹಿಗ್ಗಿದ್ದಳು. ಅಳತೆಗಳು ಕಂಟ್ರೋಲ್ ರೂಮಿನ ಗೋಡೆಯ ಪರದೆಗೂ ಹೋಗುತ್ತವೆಂದಾಗ, ಬೇಗ ಚಿಕಿತ್ಸೆ ಸಿಗಲಿ ಎಂದಿರಬೇಕು ಅಂದುಕೊಂಡಿದ್ದಳು.

ಹಜರತಬಿಯನ್ನು ಕಳಿಸಿ ಅವಳು ನೇರವಾಗಿ ಕಂಟ್ರೋಲ್ ರೂಮಿಗೆ ಹೋದಳು.

ಗೋಡೆಯ ತುಂಬ ಹಳಿಗಳ ನಕ್ಷೆ. ಹಳಿಯ ಮೇಲೆ ಗಾಡಿಗಳು, ಚಾಲಕಿಯರ ಹೆಸರಿನ ಪಕ್ಕದಲ್ಲಿ ಒಂದೊಂದು ಚುಕ್ಕೆ. ಗಂಡಸರ ಹೆಸರಿನ ಪಕ್ಕ ಚುಕ್ಕೆ ಇರಲಿಲ್ಲ. ಸಂಚಾರ ವಿಭಾಗದ ಮುಖ್ಯಸ್ಥ ಸುಧಾಕರ ಮೊಕಾಶಿ ಚಹಾ ತರಿಸಿದರು. ಒರಟು ಮನುಷ್ಯರಲ್ಲ, ಅಪಘಾತದ ಭಯದಲ್ಲೇ ತಲೆ ನರೆತವರು.

“ಮೇಡಂ, ಸಾವಿರಾರು ಟನ್ ಅದಿರು ಹೊತ್ತ ಗಾಡಿ ಘಟ್ಟ ಇಳೀತೈತಿ. ಡ್ರೈವರ್‌ಗೆ ಜಡ್ಡು ಬರೂದೈತಿ ಅಂತ ಮೊದ್ಲ ಗೊತ್ತಾದ್ರ ನಾ ಹೆಂಗ ಬಿಡ್ಲಿ? ನಿಮ್ಮ ದಾರ ನಮಗ ದೊಡ್ಡ ಉಪಕಾರ ಮಾಡೇತಿ.”

“ಕಿತ್ತಳೆ ಅಂದ್ರ ಜಡ್ಡಲ್ರಿ, ಎಚ್ಚರಿಕೆ. ನೀರು ಕುಡೀರಿ, ಮೂತ್ರ ತಡೀಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ ಅಂತ. ಅದನ್ನ ಅವ್ರಿಗೆ ಹೇಳ್ಬೇಕು, ಗೋಡೆಗಲ್ಲ.”

“ಅವ್ರಿಗೇ ಬಿಟ್ರ ಮುಚ್ಚಿಡ್ತಾರ.”

“ಯಾಕ ಮುಚ್ಚಿಡ್ತಾರ? ನೀವು ಇಳಸ್ತೀರಿ ಅಂತ.”

ಮೊಕಾಶಿ ನಕ್ಕು ಗೋಡೆಯ ಕಡೆ ತಿರುಗಿದರು. ಕಿತ್ತಳೆ ಚುಕ್ಕೆಗಳು ಬಹಳವಾಗಿದ್ದವು. ಮಂದಾಕಿನಿಗೆ ಅದೇ ಒಗಟಾಯಿತು. ನೀರು ಕುಡಿಯದೆ ತಡೆದುಕೊಂಡರೆ ಸೋಂಕು ಹೆಚ್ಚಬಹುದು, ನಿಜ. ಆದರೆ ಗಟ್ಟಿಮುಟ್ಟಾದ ಇಷ್ಟು ಜನ ಹೆಂಗಸರ ಹುಳಿಯೇ ತೆಳುವಾಗಲು ಕಾರಣವೇನು?

ಇದಾದ ಮೇಲೆ ಯಾರ್ಡಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಸಿರಾಗತೊಡಗಿದರು. ಹಜರತಬಿಯೂ ಬೇಗನೇ ಹಸಿರಾಗಿ ಎಂಜಿನ್ ಹತ್ತಿದಳು. ಮೊಕಾಶಿಯವರಿಗೆ ಸಂತೋಷ. ಮಂದಾಕಿನಿಗೆ ಅನುಮಾನ. ಹಜರತಬಿಯನ್ನೇ ಕೇಳಿದಳು.

“ಹುಣಸಿಹುಳಿ” ಎಂದಳು ಹಜರತಬಿ, ಮುಖ ತಗ್ಗಿಸದೆ. “ಕೆಲವ್ರು ಲಿಂಬಿರಸ ಹಚ್ತಾರ. ನಂಗ ಹುಣಸಿ ಚಲೋ ಅನಸ್ತು.”

“ಮೈಗೆ ಹಚ್ಚೀರೇನು?” ಮಂದಾಕಿನಿ ಹೌಹಾರಿದಳು.

“ನನಗೇನು ಹುಚ್ಚು ಹಿಡದೈತೇನ್ರಿ? ದಾರಕ್ಕ ಹಚ್ಚೀನಿ. ದಾರಕ್ಕ ಹುಳಿ ಬೇಕಿತ್ತು, ಕೊಟ್ಟೆ.”

ಮಂದಾಕಿನಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. “ನಾಳೆ ಖರೇನ ಜಡ್ಡು ಬಂದ್ರ ದಾರ ಹೇಳೂದಿಲ್ಲ, ಹಜರತಬಿ.”

“ಈಗ ಹೇಳಿದ್ರ ಯಾರಿಗೆ ಹೇಳ್ತೈತಿ?” ಎಂದು ಅವಳು ಚೀಲ ಹೆಗಲಿಗೇರಿಸಿದಳು. ಹೋಗುವ ಮೊದಲು ಒದ್ದೆ ಕಾಗದವೊಂದನ್ನು ಹರಿದು ಕೈಯೊರೆಸಿಕೊಂಡಳು. ಕೋಣೆಯ ತುಂಬ ಮಲ್ಲಿಗೆ ವಾಸನೆ. ಮಂದಾಕಿನಿ ಅದುವರೆಗೂ ಆ ಕಾಗದವನ್ನು ಪರೀಕ್ಷಿಸಿರಲಿಲ್ಲ. ಅಂದೇ ಒಂದು ಪೊಟ್ಟಣ ತರಿಸಿದಳು.

ಕಾಗದವನ್ನು ಹಿಂಡಿ ಬಂದ ನೀರು ಸಾಬೂನಿನ ನೀರಿನಂತೆಯೇ ಕ್ಷಾರವಾಗಿತ್ತು. ಎರಡು ಗಾಜಿನ ತಟ್ಟೆಗಳಲ್ಲಿ ಯೋನಿಯ ಒಳಪದರದ ಜೀವಕೋಶಗಳನ್ನು ಹರಡಿ ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ನೆಲೆಗೊಳಿಸಿದಳು. ಒಂದು ತಟ್ಟೆಗೆ ದಿನವೂ ಆ ನೀರಿನ ಹನಿ ಬಿಟ್ಟಳು, ಇನ್ನೊಂದಕ್ಕೆ ಬರೀ ನೀರು. ಆಮೇಲೆ ಎರಡಕ್ಕೂ ಇ. ಕೋಲಿಯನ್ನು ಬಿಟ್ಟಳು. ಬರೀ ನೀರಿನ ತಟ್ಟೆಯಲ್ಲಿ ಇ. ಕೋಲಿ ಅಲ್ಲೊಂದು ಇಲ್ಲೊಂದು ಕಂಡಿತು. ಮಲ್ಲಿಗೆಯ ತಟ್ಟೆಯಲ್ಲಿ ಹುಳಿ ಮಾಡುವವು ಅಳಿದಿದ್ದವು, ಜೀವಕೋಶಗಳ ಅಂಚಿಗೆಲ್ಲ ಇ. ಕೋಲಿ ಗಿಜಿಗುಡುತ್ತಿತ್ತು. ಎರಡನೆಯ ಸಲ, ಮೂರನೆಯ ಸಲ ಮಾಡಿದಾಗಲೂ ಅದೇ. ಹೆಂಗಸರ ಬಾಗಿಲನ್ನು ಕಂಪನಿಯೇ ತೆರೆದು, ಬಾಗಿಲು ತೆರೆದಿದೆಯೆಂದು ಅವರನ್ನೇ ಎಂಜಿನ್ನಿನಿಂದ ಇಳಿಸುತ್ತಿತ್ತು.

ಇದನ್ನು ಹೇಳಲು ಮಂದಾಕಿನಿ ಕಂಟ್ರೋಲ್ ರೂಮಿನ ಮೆಟ್ಟಿಲು ಹತ್ತುವಾಗಲೇ ಒಳಗೆ ಗದ್ದಲ ಕೇಳಿಸಿತು. ಘಟ್ಟದ ಇಳಿಜಾರಿಗೆ ಮೊದಲು ಬರುವ ತೊರೆಗಲ್ಲು ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಅದಿರಿನ ಗಾಡಿಯೊಂದು ಅಪ್ಪಣೆಯಿಲ್ಲದೆ ನಿಂತಿತ್ತು. ಗೋಡೆಯ ಮೇಲೆ ಹೆಸರು: ನದಾಫ. ಚುಕ್ಕೆ: ಅಚ್ಚ ಹಸಿರು.

“ನದಾಫ, ಸಿಗ್ನಲ್ ಕ್ಲಿಯರ್ ಐತಿ. ಯಾಕ ನಿಂತೀರಿ?” ಮೊಕಾಶಿ ಮೈಕಿನಲ್ಲಿ ಕೇಳಿದರು.

ರೇಡಿಯೊದಲ್ಲಿ ಹಲ್ಲು ಕಟಕಟಿಸುವ ಸದ್ದು ಮೊದಲು ಬಂತು. “ಸಾಹೇಬ್ರ... ಥಂಡಿ ಹತ್ತೇತಿ. ಮೈ ನಡಗಾಕತ್ತೇತಿ. ಬೆನ್ನಿನ ಮಗ್ಗಲ ನೋವಿಗೆ ಕುಂದ್ರಾಕ ಆಗವಲ್ದು. ನಾ ಘಟ್ಟ ಇಳಸೂದಿಲ್ಲ.”

“ನಿಮ್ಮ ಚುಕ್ಕಿ ಹಸಿರು ತೋರ್ಸಾಕತ್ತೇತಿ!”

“ಅದು ಹುಣಸಿಹುಳಿ ರೀ ಸಾಹೇಬ್ರ. ದಾರಕ್ಕ ಹಚ್ಚೀನಿ. ಕಿತ್ತಳೆ ಆದ್ರ ಇಳಸ್ತೀರಿ, ಅದಕ್ಕ. ಆದ್ರ ಬ್ರೇಕ್ ಹಾಕ್ಯಾಳ ಹಜರತಬಿ, ದಾರ ಅಲ್ಲ. ಬ್ಯಾರೆಯವ್ರನ್ನ ಕಳಸ್ರಿ.”

ಮಂದಾಕಿನಿ ಮೈಕಿನ ಬಳಿ ಬಾಗಿ, “ಹಜರತಬಿ, ಸ್ಟೇಷನ್ ಮಾಸ್ತರ್ರನ್ನ ಕರೀರಿ. ಎಂಜಿನ್‌ನ್ಯಾಗ ಒಬ್ಬಾಕೇ ಇರಬ್ಯಾಡ್ರಿ. ಆಂಬುಲೆನ್ಸ್ ಬರ್ತೈತಿ” ಎಂದಳು.

ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ಹಜರತಬಿ ಕಣ್ಣು ತೆರೆದಾಗ ಮಂದಾಕಿನಿ ಪಕ್ಕದಲ್ಲೇ ಇದ್ದಳು. ಮಲ್ಲಿಗೆ ಕಾಗದದ ವಿಷಯ ಹೇಳಿದಳು. ಹಜರತಬಿ ದಿಂಬಿಗೆ ಒರಗಿ ಎದ್ದು ಕೂತು, “ನನ್ನ ಮೈ ಹೊಲಸು ಅಂತ ನಾನ ತಿಳ್ಕೊಂಡಿದ್ದೆ ಬಾಯಾರ. ಅದಕ್ಕ ಮತ್ತಷ್ಟು ತಿಕ್ಕೊಂತಿದ್ದೆ” ಎಂದಳು. ಕಣ್ಣಲ್ಲಿ ನೀರಿತ್ತು.

ಮರುದಿನ ಮಧ್ಯಾಹ್ನ ಮೊಕಾಶಿಯವರಿಂದ ಆದೇಶ ಬಂತು: ಹುಣಸೆ, ನಿಂಬೆ ಯಾವುದಕ್ಕೂ ಮೋಸಹೋಗದ ಹೊಸ ದಾರ ಬೇಕು. ಮಲ್ಲಿಗೆ ಕಾಗದದ ವಿಷಯವನ್ನು ಖರೀದಿ ವಿಭಾಗ ನೋಡಿಕೊಳ್ಳುತ್ತದೆ.

ಮಂದಾಕಿನಿ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ತಾಯಿಗೆ ಎಲ್ಲ ಹೇಳಿದಳು. ಬಸಲಿಂಗವ್ವ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು.

“ಮಾಡಾಕ ಬರ್ತೈತೇನು, ಅವ್ರು ಕೇಳಿದ್ದು?” ಎಂದರು.

“ಬರ್ತೈತವ್ವ. ಲ್ಯಾಕ್ಟಿಕ್ ಆಮ್ಲ ಒಂದನ್ನೇ ಗುರುತು ಹಿಡಿಯೂಹಂಗ ಮಾಡಿದ್ರ ಮುಗೀತು. ದೊಡ್ಡ ಕೆಲಸಲ್ಲ.”

“ಮಾಡ್ತೀ?”

ಮಂದಾಕಿನಿ ಒಂದು ಕಡ್ಡಿ ಸೊಪ್ಪು ಎತ್ತಿಕೊಂಡು ಎಲೆ ಬಿಡಿಸತೊಡಗಿದಳು. ಬಸಲಿಂಗವ್ವ ಸೊಪ್ಪಿನ ಬುಟ್ಟಿ ಬದಿಗಿಟ್ಟರು. “ನಮ್ಮ ಸಾಲ್ಯಾಗ ಹುಡುಗ್ಯಾರಿಗೆ ಪಾಯಖಾನಿ ಇದ್ದಿಲ್ಲ ಮಂದಾ. ‘ನೀರು ಕಡಿಮಿ ಕುಡೀರಿ’ ಅಂತ ನಾನ ಹೇಳ್ತಿದ್ದೆ. ಶಿಸ್ತು ಅಂತಿದ್ದೆ ಅದಕ್ಕ. ಇಲಾಖೆಯವ್ರ ಮುಂದ ಒಂದಿನಾನೂ ಜಗಳಾ ಮಾಡ್ಲಿಲ್ಲ. ಆ ಮಾತು ಗಂಡಸ್ರ ಮುಂದ ಹೆಂಗ ಆಡೂದು ಅಂತ. ನೀ ಆಡು. ನೌಕರಿ ಹೋದ್ರ ನನ್ನ ಪೆನ್ಶನ್ ಐತಿ, ರೊಟ್ಟಿಗೇನು ಕಡಿಮಿ ಇಲ್ಲ.”

ಮಂದಾಕಿನಿ ಮರುದಿನ ಕಂಟ್ರೋಲ್ ರೂಮಿಗೆ ಹೋದಾಗ ಕೈಯಲ್ಲಿ ಹಳೆಯ ನಮೂನೆಯದೇ ದಾರವೊಂದಿತ್ತು. ಮೊಕಾಶಿಯವರೂ ಬೆಂಗಳೂರಿನಿಂದ ಬಂದಿದ್ದ ಇಬ್ಬರು ನಿರ್ದೇಶಕರೂ ಅದು ಹೊಸದೆಂದುಕೊಂಡು ಕುತೂಹಲದಿಂದ ಎದ್ದು ಬಂದರು. ಅವಳು ದಾರವನ್ನು ಮೇಜಿನ ಮೇಲಿಟ್ಟು ಹೆಸರು ನಮೂದಿಸಿದಳು. ಗೋಡೆಯ ಮೇಲೆ ಹೊಸ ಸಾಲೊಂದು ಮೂಡಿತು: ಸುಧಾಕರ ಮೊಕಾಶಿ.

“ಇದೇನ್ರಿ ಮೇಡಂ?”

“ಪರೀಕ್ಷೆ.” ಮಂದಾಕಿನಿ ಹೆಣ್ಣಿನ ಒಳಗಿರಬೇಕಾದಷ್ಟೇ ಹುಳಿಯ ದ್ರವದಲ್ಲಿ ದಾರ ಅದ್ದಿದಳು. ಮೊಕಾಶಿಯವರ ಹೆಸರಿನ ಪಕ್ಕ ಹಸಿರು ಚುಕ್ಕೆ ಬೆಳಗಿತು. “ಈಗ ನೀವು ಆರೋಗ್ಯವಂತ ಹೆಂಗಸು. ಡ್ಯೂಟಿಗೆ ಹೋಗ್ರಿ. ದಾರಿಯೊಳಗ ಕಂಪನಿ ಕೊಟ್ಟಿದ್ದರಿಂದ ಸ್ವಚ್ಛ ಮಾಡ್ಕೊಳ್ರಿ.” ಮಲ್ಲಿಗೆ ಕಾಗದವೊಂದನ್ನು ತೆಗೆದು ದಾರಕ್ಕೆ ಸುತ್ತಿದಳು.

ಚುಕ್ಕೆ ಹಳದಿಯಾಯಿತು, ಕಿತ್ತಳೆಯಾಯಿತು. ಗೋಡೆ ತಾನಾಗಿಯೇ ದೊಡ್ಡ ಅಕ್ಷರಗಳಲ್ಲಿ ಬರೆಯಿತು: ಸುಧಾಕರ ಮೊಕಾಶಿ, ಕರ್ತವ್ಯಕ್ಕೆ ಅನರ್ಹ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮೊಕಾಶಿಯವರ ಮುಖ ಕೆಂಪಾಯಿತು. “ಇದು ಅಪಮಾನ!”

“ಹೌದ್ರಿ. ನಿಮಗ ಅರ್ಧ ನಿಮಿಷ ಆತು. ಅವ್ರಿಗೆ ಎಷ್ಟು ತಿಂಗಳಾತು?” ಮಂದಾಕಿನಿ ತಾನು ತಂದಿದ್ದ ಕಂಪ್ಯೂಟರಿನ ಮುಂದೆ ಕೂತು ಬೆರಳಾಡಿಸಿದಳು. ದಾರಗಳು ಗೋಡೆಗೆ ಸುದ್ದಿ ಕಳಿಸುವ ಬೀಗದ ಕೈ ಅವಳ ಬಳಿಯೇ ಇತ್ತು. ಚುಕ್ಕೆಗಳು ಒಂದೊಂದಾಗಿ ಆರಿದವು. ಹೆಂಗಸರ ಹೆಸರುಗಳು ಗಂಡಸರ ಹೆಸರುಗಳಂತೆ ಬರೀ ಹೆಸರುಗಳಾಗಿ ಉಳಿದವು. “ಇನ್ನ ಮುಂದ ಅಳತಿ ಧರಿಸಿದಾಕಿ ಫೋನಿಗೆ ಮಾತ್ರ ಹೋಗ್ತೈತಿ. ಬೀಗ ಬದಲ್ಸೀನಿ. ಹೊಸ ದಾರ ನಾ ಮಾಡೂದಿಲ್ಲ.”

ಸಂಜೆಯೊಳಗೆ ಅವಳ ಕೆಲಸ ಹೋಯಿತು. ಕಂಪನಿ ಮೊಕದ್ದಮೆ ಹೂಡಿತು.

ಆ ವಾರ ಅದಿರಿನ ಹಾದಿಯಲ್ಲಿ ಹಿಂದೆಂದೂ ಆಗದ್ದು ಆಯಿತು. ಚಾಲಕಿಯರು ಮಲ್ಲಿಗೆ ಕಾಗದದ ಪೊಟ್ಟಣಗಳನ್ನು ಡಿಪೋದ ಬಾಗಿಲಲ್ಲಿ ರಾಶಿ ಹಾಕಿದರು. ಎರಡೆರಡು ಬಾಟಲಿ ನೀರು ತುಂಬಿಕೊಂಡು ಎಂಜಿನ್ ಹತ್ತಿದರು. ಮೊದಲ ಗಾಡಿ ನಿಂತಾಗ ರೇಡಿಯೊದಲ್ಲಿ ಶಾಂತವಾದ ದನಿ ಬಂತು: “ಕಂಟ್ರೋಲ್, ನಾ ಸಾವಂತ್ರಿ ಕಟ್ಟೀಮನಿ. ಉಚ್ಚಿ ಹೊಯ್ಯಾಕ ಗಾಡಿ ನಿಲ್ಸೀನಿ.” ಕಂಟ್ರೋಲ್ ರೂಮಿನ ಹುಡುಗರು ಮುಖ ಮುಖ ನೋಡಿಕೊಂಡರು. ಅದರ ಬೆನ್ನಿಗೇ ಇನ್ನೊಂದು ದನಿ, ಮತ್ತೊಂದು ಹೆಸರು, ಅದೇ ಮಾತು. ದೂರದ ಸ್ಟೇಷನ್ನಿನಿಂದ ಗಂಡಸೊಬ್ಬನ ದನಿಯೂ ಬಂತು: “ಕಂಟ್ರೋಲ್, ನಂದೂ ನಿಂತೈತಿ. ಅದಕ್ಕ.” ಯಾರೂ ಅದನ್ನು ಮುಷ್ಕರ ಎಂದು ಕರೆಯುವಂತಿರಲಿಲ್ಲ. ಪ್ರತಿ ಗಾಡಿಯೂ ಕೆಲಸ ಮುಗಿದ ಕೂಡಲೇ ಹೊರಡುತ್ತಿತ್ತು. ಆದರೆ ಬಂದರಿನಲ್ಲಿ ಹಡಗುಗಳು ಕಾಯತೊಡಗಿದವು.

ಕಂಪನಿ ಮೊದಲು ಬೆದರಿಸಿತು, ಆಮೇಲೆ ಮಾತುಕತೆಗೆ ಕರೆಯಿತು. ಕಾಗದ ವಾಪಸು ಹೋಯಿತು. ಎಂಜಿನ್ನುಗಳಿಗೆ ಸಣ್ಣ ಶೌಚಾಲಯ ಜೋಡಿಸುವ ಕೆಲಸ ಶುರುವಾಯಿತು. ಅಳತೆಗಳು ಮಾತ್ರ ತನ್ನವೇ ಎಂದು ಕಂಪನಿ ಹಟ ಹಿಡಿದುದರಿಂದ ವಿಷಯ ಕಾರ್ಮಿಕ ವಿಚಾರಣಾಧಿಕಾರಿಯ ಮುಂದೆ ಹೋಯಿತು. ಕೊನೆಗೆ ಗೆದ್ದವರು ಹೆಂಗಸರು. ಮೈಯ ಅಳತೆ ಆ ಮೈಯವಳದ್ದೇ ಎಂದು ತೀರ್ಪು ಬಂತು. ಮಂದಾಕಿನಿಗೆ ಹಳೆಯ ಕೆಲಸ ಸಿಗಲಿಲ್ಲ, ಅವಳು ಕೇಳಲೂ ಇಲ್ಲ. ಚಾಲಕಿಯರ ಸಂಘದ ಕಚೇರಿಯ ಹಿಂದಿನ ಕೋಣೆಯಲ್ಲಿ ಈಗ ಅವಳ ತಟ್ಟೆಗಳಿವೆ. ಆದರೆ ಹೆಂಗಸರು ಮತ್ತೆ ಮತ್ತೆ ಹೇಳಿಕೊಳ್ಳುವುದು ತೀರ್ಪಿನ ದಿನದ ಕಥೆಯನ್ನಲ್ಲ, ಹಜರತಬಿ ಹೇಳಿಕೆ ಕೊಟ್ಟ ದಿನದ ಕಥೆಯನ್ನು.

ಅಂದು ಕೋಣೆ ತುಂಬಿತ್ತು. ಬಸಲಿಂಗವ್ವ ಮುಂದಿನ ಸಾಲಿನಲ್ಲೇ ಕೂತಿದ್ದರು. ಹಜರತಬಿ ಆದದ್ದನ್ನೆಲ್ಲ ನಿಂತೇ ಹೇಳಿದಳು. ವಿಚಾರಣಾಧಿಕಾರಿ ಸಭ್ಯ ಮನುಷ್ಯ, ಕೇಳುತ್ತ ಕೇಳುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ಅವಳು ಮುಗಿಸಿದ ಮೇಲೆ ಬೆರಳಚ್ಚು ಮಾಡುತ್ತಿದ್ದ ತರುಣಿಗೆ ಬರೆಸತೊಡಗಿದರು: “ಸದರಿ ಸಾಮಗ್ರಿಯ ಬಳಕೆಯಿಂದ ಅರ್ಜಿದಾರಳ... ಖಾಸಗಿ ಭಾಗದಲ್ಲಿ... ಸ್ತ್ರೀಸಹಜ ತೊಂದರೆ ಉಂಟಾಗಿ...”

“ಸಾಹೇಬ್ರ, ನಾ ಹಂಗ ಹೇಳಿಲ್ಲ” ಎಂದಳು ಹಜರತಬಿ.

“ಅರ್ಥ ಅದೇ ಅಲ್ಲೇನಮ್ಮ? ದಾಖಲೆ ಅಂದ್ರ ಸ್ವಲ್ಪ ಮರ್ಯಾದೆ ಇರ್ಬೇಕು.”

“ಮರ್ಯಾದಿ ಇಲ್ಲದ್ದು ಏನೈತ್ರಿ ಅದರಾಗ? ಕಿಡ್ನಿ ಕೆಟ್ರ ಕಿಡ್ನಿ ಅಂತ ಬರೀತೀರಿ. ಕಾಲು ಮುರದ್ರ ಕಾಲು ಅಂತ ಬರೀತೀರಿ. ಸ್ತ್ರೀಸಹಜ ತೊಂದ್ರಿ ನಂಗ ಇದ್ದಿಲ್ಲ. ತೊಂದ್ರಿ ಕಂಪನಿ ಕೊಟ್ಟದ್ದು. ನಾ ಹೇಳಿದ್ದ ಬರೀರಿ. ಇಲ್ಲಂದ್ರ ಸಹಿ ಮಾಡೂದಿಲ್ಲ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕಂಪನಿಯ ವಕೀಲರು ತಮ್ಮ ಕಾಗದಗಳನ್ನು ಸರಿಮಾಡಿಕೊಂಡರು. ಆಗ ಬೆರಳಚ್ಚಿನ ತರುಣಿ ಪರದೆಯಿಂದ ತಲೆಯೆತ್ತದೆಯೇ, “ಸರ್, ಇವ್ರು ಹೇಳಿದ್ದನ್ನ ನಾ ಆಗಲೇ ಟೈಪ್ ಮಾಡೀನಿ. ಓದ್ಲೇನ್ರಿ?” ಎಂದಳು.

ಅಧಿಕಾರಿ ಅವಳನ್ನು ನೋಡಿದರು, ಹಜರತಬಿಯನ್ನು ನೋಡಿದರು, ತುಂಬಿದ ಕೋಣೆಯನ್ನು ನೋಡಿದರು. ಕೊನೆಗೆ ಕನ್ನಡಕ ಹಾಕಿಕೊಂಡು, “ಓದಮ್ಮ” ಎಂದರು.

ತರುಣಿ ಎದ್ದು ನಿಂತಳು. ಹಿಂದಿನ ಗೋಡೆಗೂ ಕೇಳುವಂತೆ ಓದಿದಳು: “ನನ್ನ ಯೋನಿಯಲ್ಲಿ ಹುಳಿ ಇತ್ತು. ಅದು ನನ್ನನ್ನು ಕಾಯುತ್ತಿತ್ತು. ಕಂಪನಿ ಕೊಟ್ಟ ಕಾಗದ ಅದನ್ನು ಕೊಂದಿತು.”

ಹಜರತಬಿ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು.